ಕೋಡಿ ಬಿತ್ತೆಂದು ಕರೆ ಬಂದಾಗ

ನೆಲಮಂಗಲದಿಂದ ಬೆಳಗಿನ ಬಸ್ಸಿಗೆ ಹೊರಟೆ. ತೊಡೆಯ ಮೇಲೆ ಮೊರದ ಬಾಗಿನ. ಬಳೆ, ಅರಿಶಿನ, ಕುಂಕುಮ, ರವಿಕೆ ಬಟ್ಟೆ, ಬೇಳೆ, ಬೆಲ್ಲ ಎಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ ದಾರ ಸುತ್ತಿದ್ದೆ. ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ಹಿಂದಿನ ದಿನ ಸಂತೆಗೆ ಬಂದಿದ್ದ ನಮ್ಮೂರಿನವರೊಬ್ಬರು ಅಣ್ಣನ ಮಾತು ಮುಟ್ಟಿಸಿದ್ದರು: "ಕೆರೆ ಕೋಡಿ ಬಿದ್ದೈತೆ, ಸಾವಿತ್ರೀನ ಕಳಿಸ್ಬೇಕಂತೆ."

ತೂಬಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಕೆರೆ ತುಂಬಿ ಕೋಡಿಯ ಮೇಲೆ ನೀರು ಹರಿದ ವರ್ಷ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೆಲ್ಲ ಕರೆಸುತ್ತಾರೆ. ಅವರೇ ಕೆರೆಗೆ ಬಾಗಿನ ಬಿಡಬೇಕು. ನಮ್ಮತ್ತೆ ಹಬ್ಬಕ್ಕೂ ತವರಿಗೆ ಕಳಿಸುವವರಲ್ಲ. "ಹಬ್ಬದ ದಿನ ಸೊಸೆ ಮನೇಲಿರ್ಬೇಕು" ಎನ್ನುವರು. ಕೋಡಿಗೆ ಮಾತ್ರ ಬೇಡ ಎನ್ನುತ್ತಿರಲಿಲ್ಲ, ಗಂಗಮ್ಮನ ಕೆಲಸವಲ್ಲವೇ! ಆದರೆ ನಾಲ್ಕು ವರ್ಷದಿಂದ ಕರೆಯೇ ಬಂದಿರಲಿಲ್ಲ. ನಮ್ಮ ಕೆರೆಗೆ ನೀರು ತರುವ ಹಳ್ಳಕ್ಕೆ ಮೇಲ್ಗಡೆ ದೊಡ್ಡ ಅಣೆಕಟ್ಟು ಕಟ್ಟಿದ್ದರು. ತವರು ನೆನಪಾದಾಗಲೆಲ್ಲ ಆ ಕಟ್ಟೆಗೆ ಹಿಡಿಶಾಪ ಹಾಕುತ್ತಿದ್ದೆ.

ದಾರಿಯಲ್ಲಿ ಸಿಗುವ ಮಧುರೆಯಲ್ಲಿ ಹತ್ತಿದ ಮುದುಕಿಯೊಬ್ಬಳು ಮೊರ ನೋಡಿ, "ಯಾರಿಗವ್ವ ಬಾಗಿನ?" ಎಂದಳು.

"ನಮ್ಮೂರ ಕೆರೆಗೆ. ಕೋಡಿ ಬಿದ್ದೈತೆ."

"ಅಷ್ಟೊಂದು ಮಳೆ ಎಲ್ಲವ್ವ ಬಂತು?" ಎಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಕಿಟಕಿಯ ಕಡೆ ತಿರುಗಿ ಕೂತೆ.

ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ. ಚಟ್ನಿ ಬರೀ ನೀರು. ತೂಬಗೆರೆಯಲ್ಲಿ ಅಣ್ಣ ಸೈಕಲ್ಲು ಹಿಡಿದು ಕಾದಿದ್ದ. ಅಲ್ಲಿಂದ ಎರಡು ಮೈಲಿ ನಡಿಗೆ. ಮೊದಲೆಲ್ಲ ಅರ್ಧ ದಾರಿಗೇ ಕೋಡಿಯ ಮೊರೆತ ಕೇಳುತ್ತಿತ್ತು, ನಾನು ಓಡುತ್ತಿದ್ದೆ. ಈ ಸಲ ಕಿವಿಗೊಟ್ಟು ನಡೆದೆ. ಸೈಕಲ್ಲಿನ ಕಿರುಗುಟ್ಟು ಬಿಟ್ಟರೆ ಏನೂ ಕೇಳಲಿಲ್ಲ. ಅಣ್ಣ ಸೈಕಲ್ಲು ತಳ್ಳುತ್ತ ಮುಂದೆ ಮುಂದೆ ನಡೆದ.

ಕೆರೆಯ ಏರಿ ಹತ್ತಿದೆ. ಕೋಡಿಯ ಕಲ್ಲಿನ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು! ಕೆರೆಯ ನಡುವೆ ಒಂದಿಷ್ಟು ನೀರು, ಸುತ್ತ ನೀರಿಲ್ಲದ ಕೆರೆಯಂಗಳ, ಅಲ್ಲಿ ಎಮ್ಮೆಗಳು ಮೇಯುತ್ತಿದ್ದವು.

"ಅಣ್ಣಾ, ಏನಿದು? ಸುಳ್ಳು ಹೇಳಿ ಕಳಿಸಿದ್ಯಾ?"

"ಇನ್ನೇನ್ ಮಾಡ್ಲವ್ವ? ನಮ್ಮೂರಲ್ಲಿ ಬಿದ್ದ ಮಳೆಗೆ ಇಷ್ಟೇ ತುಂಬೋದು. ಬೆಟ್ಟದ ನೀರೆಲ್ಲ ಕಟ್ಟೇಲೇ ನಿಂತ್ಕೊಳ್ತದೆ. ಹೋದ್ವರ್ಷ ಒಂದ್ಸಲ ಬಾಗ್ಲು ತೆಗೆದ್ರು, ದಬದಬ ಅಂತ ಬಂದು ಅರ್ಧ ಕೆರೆ ಆಯ್ತು, ಆಮೇಲೆ ಇಳಿದೇ ಹೋಯ್ತು. ಬಾವಿಗಳೂ ಕೆಳಕ್ಕೆ ಹೋಗವೆ. ಕೋಡಿ ಬೀಳ್ಲಿ ಅಂತ ಕೂತಿದ್ರೆ ನಿನ್ ಮುಖ ನೋಡೋದ್ಯಾವಾಗ?"

ಬೈಯಬೇಕೆಂದು ಬಾಯಿ ತೆರೆದವಳು ಅತ್ತುಬಿಟ್ಟೆ. ನಾಲ್ಕು ವರ್ಷದ ಅಳು ಅದು.

ಹೊರಟ ಬಾಗಿನವನ್ನು ವಾಪಸ್ಸು ಒಯ್ಯುವಂತಿಲ್ಲ. ಮನೆಯಿಂದ ಅತ್ತಿಗೆಯನ್ನು ಕರೆದುಕೊಂಡು ಅಂಗಳಕ್ಕಿಳಿದೆ. ಜೇಡಿಯಲ್ಲಿ ಕಾಲು ಹೂತುಕೊಳ್ಳುತ್ತ ನೀರಿನವರೆಗೆ ಹೋದೆವು. ಗೇಣಾಳದ ನೀರು, ಮೊರ ತೇಲಲಿಲ್ಲ, ಅಲ್ಲೇ ಕೂತುಕೊಂಡಿತು. "ಹೋಗು ತಾಯಿ, ಹೋಗು" ಎಂದು ಅತ್ತಿಗೆ ಕೈಯಿಂದ ತಳ್ಳಿದರು. ಹೋಗಲಿಲ್ಲ. ಇಬ್ಬರಿಗೂ ನಗು ಬಂತು, ನಕ್ಕು ಮುಗಿದ ಮೇಲೆ ಬೇಜಾರಾಯಿತು.

ಎರಡು ದಿನ ಮುದ್ದೆ, ಉಪ್ಪುಸಾರು ಉಂಡು, ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡೆ. ಹೊರಡುವಾಗ ಏರಿಯ ಮೇಲೆ ನಿಂತು ನೋಡಿದೆ. ನೀರು ಅಷ್ಟೇ ಇತ್ತು.

ನೆಲಮಂಗಲದ ಮನೆಯ ಬಾಗಿಲಲ್ಲೇ ಅತ್ತೆ ಕೇಳಿದರು: "ಕೋಡಿ ಹೆಂಗಿತ್ತು?"

"ಜೋರಾಗಿತ್ತು ಅತ್ತೆ."

ಒಗೆಯಲೆಂದು ಚೀಲದಿಂದ ನನ್ನ ಸೀರೆ ತೆಗೆದರು. ಅಂಚಿಗೆಲ್ಲ ಕರೀ ಜೇಡಿ ಹತ್ತಿ ಒಣಗಿತ್ತು. ಅತ್ತೆಯೂ ಕೆರೆಯಿದ್ದ ಊರಿನ ಮಗಳು. ತುಂಬಿದ ಕೆರೆಯಲ್ಲಿ ಅಂಗಳದ ಜೇಡಿ ಯಾರ ಸೀರೆಗೂ ಹತ್ತುವುದಿಲ್ಲವೆಂದು ಅವರಿಗೆ ಗೊತ್ತು.

ಅವರು ಸೀರೆಯನ್ನು ಬಕೆಟ್ಟಿಗೆ ಹಾಕಿ ನೀರು ಸುರಿದರು.

"ನಿಮ್ಮಣ್ಣಂಗೆ ಹೇಳು," ಎಂದರು, ನನ್ನ ಕಡೆ ನೋಡದೆ. "ಬರೋ ವರ್ಷ ಕೋಡಿ ಒಂಚೂರು ಬೇಗ ಬೀಳ್ಲಿ ಅಂತ. ನಿಂಗೂ ನಾಲ್ಕ್ ದಿನ ಇದ್ದು ಬರೋಕಾಗುತ್ತೆ."