ಒಂದು ಸೀಟು, ಒಂದು ಫರ್ಮಿಯಾನ್

ಜಯನಗರದ ಹಿರಿಯರ ಕೂಟದಲ್ಲಿ ಅವತ್ತು ಫರ್ಮಿಯಾನ್ ಎಂಬ ಕಣಗಳ ಬಗ್ಗೆ ಮಾತಾಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ. ನಮ್ಮ ಎಲೆಕ್ಟ್ರಾನೂ ಅದೇ ಪೈಕಿ. ಒಂದು ಫರ್ಮಿಯಾನ್ ಇರುವ ಸ್ಥಿತಿಯಲ್ಲಿ ಅಂಥದ್ದೇ ಇನ್ನೊಂದು ಇರುವಂತಿಲ್ಲ, ಇಷ್ಟೇ ವಿಷಯ. ಆದರೆ ಕೇಳುವವರು ತೂಕಡಿಸದಂಥ ಉದಾಹರಣೆಯೊಂದು ಮೂರು ದಿನ ತಲೆ ಕೆರೆದುಕೊಂಡರೂ ಸಿಕ್ಕಿರಲಿಲ್ಲ.

ಉತ್ತರಹಳ್ಳಿ ಸ್ಟಾಪಿಗೆ ಜಯನಗರದ ಬಸ್ಸು ಬಂದಕೂಡಲೇ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದೆ. ನೂಕಾಡಿಕೊಂಡು ಹತ್ತಿ ನೋಡಿದರೆ ಅಲ್ಲೊಬ್ಬ ಹೆಂಗಸು ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

"ಅದು ನನ್ನ ಸೀಟಮ್ಮ, ಕರ್ಚೀಫ್ ಹಾಕಿದ್ದೆ," ಎಂದೆ.

"ತಗೊಳ್ಳಿ ಅಂಕಲ್ ನಿಮ್ಮ ಕರ್ಚೀಫು," ಎಂದು ಮಡಿಸಿಯೇ ಕೊಟ್ಟರು. "ನಾನು ಕೂತಾಯ್ತು. ಒಂದು ಸೀಟಲ್ಲಿ ಇಬ್ರು ಹೆಂಗೆ ಕೂರಕ್ಕಾಯ್ತದೆ? ಖಾಲಿ ಇರೋ ಕಡೆ ನೋಡ್ಕೊಳ್ಳಿ."

ನನಗೆ ಮೈ ಜುಮ್ಮೆಂದಿತು. "ಎಲೆಕ್ಟ್ರಾನೂ ಇದನ್ನೇ ಹೇಳೋದಮ್ಮ!"

"ಯಾರಾದ್ರೂ ಹೇಳ್ತಾರೆ, ನ್ಯಾಯ ಅಲ್ವಾ?"

ಜಯನಗರದವರೆಗೂ ಖುಷಿಯಾಗಿ ನಿಂತೇ ಹೋದೆ. ಕೂಟದಲ್ಲಿ ಈ ಪ್ರಸಂಗವನ್ನೇ ಹೇಳಿದೆ, ಒಬ್ಬರೂ ತೂಕಡಿಸಲಿಲ್ಲ. ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಏಳೆಂಟು ಕೈಗಳು ಒಟ್ಟಿಗೆ ಎದ್ದವು. ಎಲ್ಲರದೂ ಒಂದೇ ಪ್ರಶ್ನೆ: ಹಿರಿಯ ನಾಗರಿಕರ ಸೀಟು ಬಿಡಿಸಿಕೊಡಿ ಅಂತ ಕಂಡಕ್ಟರ್‌ಗೆ ಯಾಕೆ ಹೇಳಲಿಲ್ಲ?