ಆಲದ ಮರಕ್ಕೆ ಕಟ್ಟಿದ ಮೂಟೆ

ಹೊಸೂರಿನಿಂದ ತಳಿ ಊರಿನ ಕಡೆ ಹೋಗುವ ಬಸ್ಸು ನಮ್ಮೂರ ತಿರುವಿನ ಆಲದ ಮರ ದಾಟುವಾಗ ನಾನು ಈಗಲೂ ಕಿಟಕಿಯಿಂದ ತಲೆಯೆತ್ತಿ ನೋಡುತ್ತೇನೆ. ಕೊಂಬೆಗಳಲ್ಲಿ ಹಳೆ ಗೋಣಿಚೀಲದ ಮೂಟೆಗಳು ತೂಗುತ್ತಿರುತ್ತವೆ. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹೀಗೆ ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಕೆಚ್ಚಲಲ್ಲೂ ಹಾಲು ಹಾಗೇ ಸುರಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಸುವೇ ಅದನ್ನು ತಿಂದುಬಿಟ್ಟರೆ ಹಾಲು ಬತ್ತುತ್ತದಂತೆ. ಹೊಸ ಮೂಟೆ ಕಟ್ಟಿದ ದಿನ ಕಾಗೆಗಳ ಕೂಗಾಟ ನಮ್ಮ ಮನೆಯವರೆಗೂ ಕೇಳುತ್ತದೆ.

ನಾನು ಮತ್ತಿಗಿರಿಯಲ್ಲಿ ಬೆಳೆದವಳು. ಅಪ್ಪನಿಗೆ ಫ್ಯಾಕ್ಟರಿ ಕೆಲಸ. ನಮಗೆ ಹಾಲು ಎಂದರೆ ಬೆಳಿಗ್ಗೆ ಬಾಗಿಲಿಗೆ ಬೀಳುವ ಪ್ಯಾಕೆಟ್ಟು. ಮದುವೆಯಾಗಿ ಬಂದ ಮನೆಯಲ್ಲಿ ಎರಡೆಕರೆ ಗುಲಾಬಿ, ಕೋಸು, ನಾಲ್ಕು ಕುರಿ, ಒಂದಷ್ಟು ನಾಟಿ ಕೋಳಿ, ಮತ್ತು ಅತ್ತೆ ಸಾಕಿದ ಒಂದು ಕೆಂದ ಹಸು. ಮೊದಲ ತಿಂಗಳೆಲ್ಲ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಸಗಣಿ ಬಾಚಿದೆ. ಆದರೆ ಆ ಹಸು ನನ್ನ ಬಳೆ ಸದ್ದಾದರೆ ಸಾಕು, ಕತ್ತು ಚಾಚುತ್ತಿತ್ತು. ಕತ್ತಿನಡಿ ಜೋಲುವ ಗಂಗೆದೊಗಲು ತುರಿಸಿದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಗುರುತಿಲ್ಲದ ಮನೆಯಲ್ಲಿ ನನಗೆ ಮೊದಲು ಸಿಕ್ಕ ಗೆಳತಿ ಅದೇ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದರೆ ಕೆಲವು ವಾರ ಹೊಗೆ, ದೂಳು, ಕೊಟ್ಟಿಗೆ ಯಾವುದೂ ಕೂಡದು. ಮಾವ ಒಂದೇ ಮಾತಿನಲ್ಲಿ ಮುಗಿಸಿದ್ದರು.

"ಪ್ಯಾಟೆ ಹುಡ್ಗಿ ಕೈಲಿ ಹಸ ಸಾಕಾಕಾಯ್ತದಾ? ಕರ ಹಾಕಿದ್ ಮ್ಯಾಲೆ ಮಾರ್ಬುಡಾನ."

"ಹಾಕ್ಲಿ ಇರಿ. ಅವ್ಳು ಹೆಂಗ್ ನೋಡ್ಕತಾಳೆ ಅಂತ ನೋಡಾನ" ಎಂದರು ಅತ್ತೆ.

ಅಂದರೆ ಪರೀಕ್ಷೆ ನನಗೆ. ನಾನು ಫೇಲಾದರೆ ಮನೆ ಬಿಟ್ಟು ಹೋಗುವುದು ಮಾತ್ರ ಹಸು.

ಒಂದು ಬೆಳಿಗ್ಗೆ ಅದು ಹೆಣ್ಣು ಕರು ಹಾಕಿತು. ಮಾವ, ನನ್ನ ಗಂಡ ಇಬ್ಬರೂ ಹೂವು ಹೇರಿಕೊಂಡು ಹೊಸೂರಿಗೆ ಹೋಗಿದ್ದರು. ಮಾಸು ಬೇಗ ಬೀಳಲೆಂದು ಬಿದಿರು ಸೊಪ್ಪು ತರಲು ಹೊರಟ ಅತ್ತೆ ನನ್ನನ್ನು ಕಾವಲಿಗೆ ಕೂರಿಸಿದರು. "ಕಣ್ ಅತ್ಲಾಗಿತ್ಲಾಗ್ ಆಡಿಸ್ಬ್ಯಾಡ ಕಣಮ್ಮಿ. ಬಿದ್ ತಕ್ಷಣ ಎಳ್ದು ಮಂಕ್ರಿಗೆ ಹಾಕು."

ಕೂತೇ ಇದ್ದೆ. ಅಷ್ಟರಲ್ಲಿ ಕರು ನಾಲ್ಕು ಸಲ ಬಿದ್ದು ಐದನೇ ಸಲಕ್ಕೆ ಎದ್ದು ನಿಂತಿತು. ಫೋಟೊ ತೆಗೆದೆ. ತೆಗೆದ ಮೇಲೆ ಮತ್ತಿಗಿರಿಯ ಅಮ್ಮನಿಗೆ ಕಳಿಸದೆ ಇರಲಾದೀತೇ? ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಕಟ್ಟೆ ಹತ್ತಿದರೆ ಮಾತ್ರ. ಹತ್ತಿದೆ. ಫೋಟೊ ಹೋದದ್ದೇ ತಡ, ಅಮ್ಮನ ಫೋನು ಬಂತು. ಕರುವಿನ ಹಣೆಯ ಬಿಳಿ ಚುಕ್ಕೆಯನ್ನು ವರ್ಣಿಸಿಯೇ ವರ್ಣಿಸಿದೆ. ಇಳಿದು ಬಂದಾಗ ಹಸುವಿನ ಬಾಯಿಂದ ಗೇಣುದ್ದ ಮಾಸು ಜೋತಾಡುತ್ತಿತ್ತು. ಎರಡೂ ಕೈಯಲ್ಲಿ ಹಿಡಿದೆಳೆದೆ, ಜಾರಿತು. ನನ್ನ ಮುಖವನ್ನೇ ನೋಡುತ್ತಾ ಗುಳುಕ್ಕನೆ ನುಂಗಿಬಿಟ್ಟಿತು, ಪುಣ್ಯಾತ್ಗಿತ್ತಿ.

ನಾನು ಅತ್ತುಬಿಟ್ಟೆ, ನಿಜ. ಆದರೆ ಅಳುತ್ತಲೇ ಕೈ ಕೆಲಸ ಮಾಡುತ್ತಿತ್ತು. ರಾಗಿ ಹುಲ್ಲನ್ನು ನೀರಲ್ಲಿ ನೆನೆಸಿ ತೂಕ ಬರಿಸಿದೆ, ಗೋಣಿಚೀಲಕ್ಕೆ ತುರುಕಿ ಬಾಯಿ ಬಿಗಿದೆ. ಅತ್ತೆ ಸೊಪ್ಪು ಹೊತ್ತು ಬಂದಾಗ, "ಬಿತ್ತು ಅತ್ತೆಮ್ಮ, ಮೂಟೆನೂ ಕಟ್ಟಿದೆ. ನಾನೇ ಮರಕ್ಕೆ ಕಟ್ಬಿಟ್ಟು ಬತ್ತೀನಿ" ಎಂದೆ. ಅವರು ಮೂಟೆಯನ್ನು ಒಮ್ಮೆ ಎತ್ತಿ ಕೆಳಗಿಟ್ಟರು. "ಎತ್ತರ್ಕೆ ಕಟ್ಟು, ನಾಯಿ ಎಟಕ್ಬಾರ್ದು" ಎಂದರು, ಅಷ್ಟೇ.

ಸಂಜೆ ಮಾವನ ಮುಂದೆ, "ಎಲ್ಲಾ ಅವ್ಳೇ ಮಾಡಿದ್ಲು. ಇನ್ ಹಸ ಮಾರೋ ಮಾತೆತ್ಬ್ಯಾಡಿ" ಎಂದರು. ನನಗೆ ಊಟ ಸೇರಲಿಲ್ಲ.

ಆಮೇಲಿನ ದಿನಗಳು ಬರೀ ಭಯ. ಹುರುಳಿ ಬೇಯಿಸಿ ಬೆಲ್ಲ ಕಲಸಿ ತಿನ್ನಿಸಿದೆ, ಮೈ ಉಜ್ಜಿದೆ, ಗೊಂತಿನ ಮುಂದೆ ನಿಂತು ಕೈಮುಗಿದೆ. ಗಿಣ್ಣು ಹಾಲು ಅಕ್ಕಪಕ್ಕದ ಮನೆಗಳಿಗೆ ಹಂಚುವಾಗಲೂ ನನ್ನ ಕಣ್ಣು ಕೆಚ್ಚಲ ಮೇಲೇ. ಹಾಲು ಬತ್ತಲಿಲ್ಲ. ವಾರ ಕಳೆಯುವುದರಲ್ಲಿ ಬಕೆಟ್ಟಿನ ಅಂಚಿನವರೆಗೆ ನೊರೆ ಏರಿತು. ಆಲದ ಮರದ ಮಹಿಮೆ ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಅತ್ತೆ ಆಸ್ಪತ್ರೆಗೆ ಹೊರಟ ದಿನ ಆ ಬಕೆಟ್ಟನ್ನು ನನ್ನ ಕೈಗಿಟ್ಟರು, ನಾನು ಅವರ ಮುಖ ನೋಡದೆ ತೆಗೆದುಕೊಂಡೆ.

ಆ ಹಸು ನಮ್ಮಲ್ಲಿ ಇನ್ನೂ ನಾಲ್ಕು ಕರು ಹಾಕಿತು. ಅದರ ಮೊಮ್ಮಗಳು ಈಗ ಕೊಟ್ಟಿಗೆಯಲ್ಲಿದೆ, ಹಣೆಯಲ್ಲಿ ಅದೇ ಚುಕ್ಕೆ. ಅತ್ತೆ ಹೋಗಿ ಮೂರು ವರ್ಷವಾಯಿತು. ಮುಂಜಾನೆ ಹಾಲು ಕರೆಯುವಾಗ ಅವರ ಕೆಮ್ಮು ಕೇಳಿದಂತಾಗಿ ತಿರುಗಿ ನೋಡುತ್ತೇನೆ. ಅವರಿಲ್ಲದ ಕೊಟ್ಟಿಗೆ ನನಗಿನ್ನೂ ಒಗ್ಗಿಲ್ಲ.

ಅವರು ಹೋಗುವ ಮುಂಚಿನ ಚಳಿಗಾಲ ಜಗಲಿಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಮೊರ ಅಲುಗುವಷ್ಟು ನಕ್ಕರು.

"ಕಾಗೆ ಒಂದಾರಾ ಕೂಗ್ತಾ? ನಂಗೆ ಪೊರೆ ಬಂದಿದ್ದು ಕಣ್ಗೆ ಕಣಮ್ಮಿ, ಕಿವಿಗಲ್ಲ."

"ಗೊತ್ತಿದ್ದೂ ಹಸ ನನ್ ಕೈಗ್ಯಾಕ್ ಕೊಟ್ರಿ?"

"ಬ್ಯಾಡಾಗಿದ್ದೋಳು ಹುಲ್ ನೆನ್ಸಿ ತೂಕ ಬರುಸ್ತಾಳಾ?"

ಆಮೇಲೆ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದರು. ನಗು ನಿಂತಿತ್ತು.

"ಅದೇ ಮರ್ದಾಗೆ ನಾನೂ ಒಂದ್ ಹುಲ್ಲಿನ್ ಮೂಟೆ ಕಟ್ಟಿದ್ದೆ, ಹೊಸದ್ರಲ್ಲಿ. ನಮ್ಮತ್ತೆಗೆ ಯೋಳಾನ ಯೋಳಾನ ಅಂತ್ಲೇ ಇದ್ದೆ. ಅವ್ರು ಹೋಗ್ಬುಟ್ರು."