ಮೂಲೆಮಟ್ಟದ ಕರಾರು

ರಾಗಿಗುಡ್ಡದ ನಮ್ಮ ಮನೆಯ ಹಿಂದಿನ ಮರಗೆಲಸದ ಶೆಡ್ಡನ್ನು ಖಾಲಿ ಮಾಡಬೇಕೆಂದು ಹೆಂಡತಿ ಹಟ ಹಿಡಿದದ್ದು ನನ್ನ ಬಲಗೈ ನಡುಗಲು ಶುರುವಾದ ಮೇಲೆ. ಮೋಟಾರು ಗರಗಸಕ್ಕೆ ನನ್ನ ಅಂಗಿಯ ತೋಳು ಸಿಕ್ಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸವಳಂಗ ರಸ್ತೆಯಲ್ಲಿ ಬಾಗಿಲು, ಕಿಟಕಿ ಮಾಡಿ ಮಾರಿ ಮೇಲೆ ಬಂದವನು ನಾನು. ಯಾವ ಮಾತನ್ನೂ ಚೌಕಾಸಿಯಿಲ್ಲದೆ ಒಪ್ಪಿದವನಲ್ಲ.

"ನೋಡೇ, ಮಷೀನ್ ಮುಟ್ಟಲ್ಲ. ಕೈಯಲ್ಲೇ ಒಂದು ಮೂಲೆಮಟ್ಟ ಮಾಡ್ತೀನಿ. ಸರಿ ಬಂದ್ರೆ ಶೆಡ್ಡು ನಂದು. ಬರ್ಲಿಲ್ಲ ಅಂದ್ರೆ ಎಲ್ಲಾ ಮಾರಿಬಿಡೋಣ" ಎಂದೆ.

"ಸರಿ ಬಂತೋ ಇಲ್ವೋ ಹೇಳೋದ್ಯಾರು? ನೀವೇನಾ?"

"ನೀನೇ ಹೇಳು ಮಾರಾಯ್ತಿ."

"ಹಂಗಾದ್ರೆ ಸೈ."

ಮೂಲೆಮಟ್ಟವೆಂದರೆ ಮರದ ಅಂಚಿಗೆ ಸರಿಯಾಗಿ ಲಂಬವಾದ ಗೆರೆ ಎಳೆಯುವ ಸಾಧನ. ದಪ್ಪನೆಯ ಹಿಡಿ, ಅದರ ಸೀಳಿನಲ್ಲಿ ಅಡ್ಡಲಾಗಿ ಕೂರುವ ತೆಳ್ಳನೆಯ ಪಟ್ಟಿ, ಅಷ್ಟೆ. ಗೆದ್ದ ವ್ಯಾಪಾರವೆಂದುಕೊಂಡೆ.

ಮರಕ್ಕೆ ಭದ್ರಾವತಿಗೆ ಹೋದೆ. ಕೆಡವಿದ ಮನೆಗಳ ಸಾಮಾನು ಮಾರುವವನೊಬ್ಬ ತೇಗದ ಚೌಕಟ್ಟಿನ ತುಂಡೊಂದನ್ನು ತಟ್ಟಿ ತೋರಿಸಿದ. "ನಿಮ್ಮ ತಾತನ ಕಾಲದ್ದಣ್ಣಾ ಇದು!"

"ಹಂಗಾದ್ರೆ ಪೆನ್ಷನ್ ಕೊಡ್ಬೇಕಪ್ಪ, ರೇಟಲ್ಲ" ಎಂದು ಅರ್ಧಕ್ಕಿಳಿಸಿದೆ. ನೀವೂ ಹಳೇ ಮರ ಕೊಳ್ಳಲು ಹೋದರೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ. ಒಳಗೆ ಮುರಿದು ಉಳಿದ ಮೊಳೆ ನಿಮ್ಮ ಉಳಿಯ ಬಾಯಿ ಕೆಡಿಸುತ್ತದೆ.

ಸೀಳು ಹೇಗೋ ಬಂತು. ಪಟ್ಟಿಯನ್ನು ಕೂರಿಸಿ ಅಂಟೂ ಹಾಕಿದೆ. ಪರೀಕ್ಷೆ ಸುಲಭ: ನೇರ ಅಂಚಿನ ಹಲಗೆಗೆ ಹಿಡಿಯನ್ನು ಒತ್ತಿ ಗೆರೆ ಎಳೆಯಬೇಕು, ಮಗುಚಿ ಹಾಕಿ ಅದೇ ಜಾಗದಿಂದ ಮತ್ತೆ ಎಳೆಯಬೇಕು. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ. ನನ್ನ ಗೆರೆಗಳು ಬುಡದಲ್ಲಿ ಕೂಡಿ ತುದಿಯಲ್ಲಿ ಬೇರೆಯಾದವು. ಪಟ್ಟಿಯ ಅಂಚನ್ನು ಉಜ್ಜುಗೊರಡಿನಿಂದ ತುಸು ತೆಗೆದೆ. ಕೈ ಹೊಯ್ದಾಡಿ ಬೇಕಾದ್ದಕ್ಕಿಂತ ಹೆಚ್ಚು ಹೋಯಿತು; ಗೆರೆಗಳು ಈಗ ಇನ್ನೊಂದು ಕಡೆಗೆ ಬಾಗಿದವು. ಆ ತುದಿಯನ್ನು ಸರಿಮಾಡಲು ಹೋದರೆ ಈ ತುದಿ ಕೆಟ್ಟಿತು. ತಿದ್ದಿದಷ್ಟೂ ಪಟ್ಟಿ ಸಣ್ಣದಾಗುತ್ತ ಬಂತು. ಎಡಗೈಯಿಂದ ಬಲಗೈಯನ್ನು ಬೆಂಚಿಗೆ ಅದುಮಿ ಹಿಡಿದರೂ ಅದು ನನ್ನದಲ್ಲವೆಂಬಂತೆ ಕುಣಿಯುತ್ತಿತ್ತು. ಗಿರಾಕಿಯಾಗಿದ್ದರೆ ಮಾತಾಡಿ ಒಲಿಸುತ್ತಿದ್ದೆ. ಕೈಯೊಡನೆ ಏನೆಂದು ಮಾತಾಡುವುದು? ಇನ್ನು ತೆಗೆಯಲು ಮರವೇ ಉಳಿಯದಂತಾದಾಗ ಅವಳನ್ನು ಕರೆದೆ.

ಕನ್ನಡಕ ಹಾಕಿಕೊಂಡು ಬಂದಳು. ಪೆನ್ಸಿಲ್ ಕೊಟ್ಟೆ. ನಾನು ಹೇಳಿದಂತೆ ಎಳೆದಳು, ಮಗುಚಿದಳು, ಮತ್ತೆ ಎಳೆದಳು. ತುದಿಯಲ್ಲಿ ಅಕ್ಕಿಕಾಳು ಹಿಡಿಸುವಷ್ಟು ಸಂದು. ನಿಂತಲ್ಲಿಂದಲೇ ಕಂಡಿತು. ಅವಳು ಗೆರೆಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಸರಿಯಾಗಿದೆ ಕಣ್ರೀ."

"ಸರಿಯಾಗಿ ನೋಡೇ."

"ನೋಡ್ದೆನಲ್ಲ. ಗೆದ್ರಿ ಬಿಡಿ. ಕಾಫಿ ಆರ್ತಿದೆ, ಬನ್ನಿ" ಎನ್ನುತ್ತ ಗೆರೆಗಳ ಮೇಲೆ ಸೆರಗೆಳೆದು ಉಜ್ಜಿದಳು.

ಗಾಂಧಿ ಬಜಾರಿನಲ್ಲಿ ಸೀರೆಯ ಅಂಚಿನ ಒಂದೆಳೆ ಬಿಟ್ಟಿದ್ದರೂ ವಾಪಸು ಕೊಟ್ಟು ಬರುವವಳು ಅವಳು. ಎದುರಿನವರು ಹಾಗೆ ಸುಮ್ಮನೆ ಸೋಲುವುದು ಕನಿಕರ ಹುಟ್ಟಿದಾಗ ಮಾತ್ರ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಅದು ತಿಳಿಯದೆ? ನಡುಗುವ ಕೈಗಿಂತ ಆ ಕನಿಕರವೇ ನನ್ನನ್ನು ಮುಗಿಸಿತು.

ಮರುದಿನ ಹಳೇ ಮಷೀನು ಕೊಳ್ಳುವವನೊಬ್ಬನಿಗೆ ಫೋನು ಮಾಡಿ, ಗರಗಸ, ಬೆಂಚು ಎಲ್ಲ ಬಂದು ನೋಡೆಂದೆ.

"ಯಾಕ್ ಸಾರ್, ದೊಡ್ಡ ಮಷೀನ್ ತಗೊಂಡ್ರಾ?"

"ಹೂಂ" ಎಂದೆ.